ರಾಯಬಾಗ ಲೀಡರಾದ ಸಂಗತಿ

ಚಿಕ್ಕೋಡಿಯ ರಾವಸಾಹೇಬರು ಹದಿನೆಂಟು ವರ್ಷಗಳಿಂದ ಎಮ್ಮೆ ಸಾಕುವವರ ಸಂಘದ ಅಧ್ಯಕ್ಷರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕಿನಲ್ಲಿ ಉದ್ದ ಕೋಡಿನ ಪಂಢರಪುರಿ ಎಮ್ಮೆ ಕಟ್ಟಿದವರೆಲ್ಲ ಅದರ ಸದಸ್ಯರು. ಚುನಾವಣೆಯ ದಿನ ರಾವಸಾಹೇಬರು ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದು ಕುರ್ಚಿಯ ಮೇಲೆ ಕೂರುತ್ತಿದ್ದರು. ಎದುರಿಗೆ ಯಾರೂ ನಿಲ್ಲುತ್ತಿರಲಿಲ್ಲ. ಎಲ್ಲರೂ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ಚುನಾವಣೆ ಎಂದರೆ ಚಹಾ ಎಂದೇ ಬಹಳ ಜನ ತಿಳಿದಿದ್ದರು.

ಸಂಘಕ್ಕೆ ಇದ್ದ ತಲೆನೋವು ಒಂದೇ, ಸದಲಗಾದ ಸುಲ್ತಾನ. ಸುಲ್ತಾನ ಒಂದು ಕೋಣ. ಅದಕ್ಕೆ ಹುಟ್ಟಿದ ಎಮ್ಮೆಗಳು ಕೊಡ ತುಂಬ ಹಾಲು ಕೊಡುತ್ತವೆ ಎಂದು ಕೊಲ್ಹಾಪುರದ ಕಡೆಯವರೂ ಹೇಳುತ್ತಿದ್ದರು. ಸುಲ್ತಾನ ಸತ್ತು ಎರಡು ವರ್ಷವಾಗಿತ್ತು, ಆದರೆ ಅದರ ಮಕ್ಕಳು ಹುಟ್ಟುವುದು ನಿಂತಿರಲಿಲ್ಲ. ಎಮ್ಮೆ ಮಾರಲು ಬಂದವರೆಲ್ಲ ಅದನ್ನು ಸುಲ್ತಾನನ ಮಗಳೆಂದೇ ಹೇಳುತ್ತಿದ್ದರು. ಅಥಣಿ ಸಂತೆಯಲ್ಲಿ ಸುಲ್ತಾನನಿಗಿಂತ ಮೂರು ವರ್ಷ ದೊಡ್ಡವಳಾದ ಮಗಳೊಬ್ಬಳು ಸಿಕ್ಕಿದ್ದಳು. ಯಾವ ಕರು ಯಾವ ಕೋಣದ್ದು ಎಂದು ಬರೆದಿಡುವ ವಹಿ ರಾವಸಾಹೇಬರ ಮನೆಯ ಕಪಾಟಿನಲ್ಲಿತ್ತು. ಉಳಿದ ನಾಲ್ಕು ತಾಲೂಕಿನವರಿಗೆ ಆ ಕಪಾಟಿನ ಮೇಲೆ ನಂಬಿಕೆ ಇರಲಿಲ್ಲ. ವಹಿಯನ್ನು ಬೇರೆ ತಾಲೂಕಿಗೆ ಒಪ್ಪಿಸಲು ರಾವಸಾಹೇಬರಿಗೆ ಆ ತಾಲೂಕುಗಳ ಮೇಲೆ ನಂಬಿಕೆ ಇರಲಿಲ್ಲ.

ದಾರಿ ತೋರಿಸಿದವಳು ಅವರ ತಂಗಿಯ ಮಗಳು ಉಜ್ವಲಾ. ಅವಳ ಗಂಡನ ಮನೆಯೂ ಚಿಕ್ಕೋಡಿಯಲ್ಲೇ. ಮಾಳಿಗೆಯ ಕೋಣೆಯಲ್ಲಿ ಕೂತು ಪುಣೆಯ ಒಂದು ಕಂಪನಿಗೆ ಕ್ಲೌಡಿನ, ಎಂದರೆ ದೂರದ ಊರಿನಲ್ಲಿದ್ದು ಇಂಟರ್‌ನೆಟ್ಟಿನಿಂದ ನಡೆಯುವ, ಮಷೀನುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಸಂಘದ ಸಭೆಗೆ ಅವಳನ್ನು ಕರೆಸಿದರು.

"ವಹಿ ಒಬ್ಬರ ಮನ್ಯಾಗ ಯಾಕ ಇರಬೇಕ್ರಿ?" ಎಂದಳು ಅವಳು. "ಐದು ತಾಲೂಕಿಗೆ ಐದು ವಹಿ ಇಡೂಣು. ಒಂದರಾಗ ಬರದ್ರ ಐದರಾಗೂ ಮೂಡತೈತಿ. ಐದು ಮಂದ್ಯಾಗ ಮೂರು ಮಂದಿ ಹೂಂ ಅನ್ನದ ಏನೂ ಮೂಡಂಗಿಲ್ಲ. ಮೂಡಿದ್ದನ್ನ ಯಾರೂ ಅಳಸಾಕ ಬರಂಗಿಲ್ಲ. ಇದಕ್ಕ ಬ್ಲಾಕ್‌ಚೈನ್ ಅಂತಾರ."

"ತಪ್ಪ ಬರದಿದ್ರ?" ಎಂದು ರಾವಸಾಹೇಬರು ಕೇಳಿದರು.

"ಅದರ ಕೆಳಗ, ಇದು ತಪ್ಪೈತಿ ಅಂತ ಬರೀಬೇಕು. ತಪ್ಪೂ ಹಂಗ ಉಳೀತೈತಿ."

ಈ ಮಾತು ಎಲ್ಲರಿಗೂ ಹಿಡಿಸಿತು. ಉಳಿದವರ ತಪ್ಪು ಶಾಶ್ವತವಾಗಿ ಉಳಿಯುತ್ತದೆಂದರೆ ಯಾರಿಗೆ ತಾನೇ ಬೇಡ?

"ಆ ವಹಿ ಇಟಗೊಂಡಿರೂ ಮಷೀನಿಗೆ ನೋಡ್ ಅಂತಾರ" ಎಂದಳು ಉಜ್ವಲಾ.

ಅಥಣಿ ತಾಲೂಕಿನ ಪರವಾಗಿ ಬಂದಿದ್ದ ಕೊಕಟನೂರಿನ ಅಣ್ಣಾಸಾಬ ಮುಂದೆ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದ. "ಏನ್ ನೋಡ್ಲೆವಾ?"

"ನೋಡ್ ಅಂತ ಅದರ ಹೆಸರ್ರಿ."

"ಹೆಸರ ಆತು. ಏನ್ ನೋಡೂದು?"

ಉಜ್ವಲಾ ಸ್ವಲ್ಪ ಯೋಚಿಸಿದಳು. "ಉಳದಾವ್ರು ಏನ್ ಬರ್ಯಾಕತ್ತಾರ ಅಂತ ನೋಡೂದು."

"ಹಂಗಾದ್ರ ಹೆಸರ ಬರೋಬ್ಬರಿ ಐತಿ" ಎಂದು ಅಣ್ಣಾಸಾಬ ಹಿಂದಕ್ಕೆ ಒರಗಿದ.

ಎರಡು ವಾರ ಉಜ್ವಲಾ ಕೆಲಸ ಮಾಡಿದಳು. ಕ್ಲೌಡಿನಲ್ಲಿ ಐದು ಮಷೀನು ಬಾಡಿಗೆಗೆ ಹಿಡಿದಳು. ಒಂದಕ್ಕೊಂದರ ಗುರುತು ಮಾಡಿಸಿದಳು. ಹೊರಗಿನವರು ಒಳಗೆ ಬಾರದಂತೆ ಬಾಗಿಲು ಬಿಗಿ ಮಾಡಿದಳು. ಪ್ರತಿ ತಾಲೂಕಿನ ಪ್ರತಿನಿಧಿಗೆ ಅಕ್ಷರ ಅಂಕಿಗಳ ಒಂದು ಗುಪ್ತ ಕೀಲಿ ಕೊಟ್ಟು, ಯಾರಿಗೂ ತೋರಿಸಬೇಡಿ ಎಂದಳು. ಕಾಗವಾಡದ ಪರವಾಗಿದ್ದ ಶಿರಗುಪ್ಪಿಯ ವೃಷಭ ಅದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ, ಲ್ಯಾಮಿನೇಟ್ ಮಾಡಿಸಿ, ಪಡಸಾಲೆಯಲ್ಲಿ ತನ್ನ ಮದುವೆಯ ಫೋಟೋದ ಪಕ್ಕದಲ್ಲಿ ತೂಗುಹಾಕಿದ. ಅವನಿಗೆ ಹೊಸ ಕೀಲಿ ಮಾಡಿಕೊಡಬೇಕಾಯಿತು.

ಮಷೀನು ಯಾವ ಊರಿನಲ್ಲಿರಬೇಕು ಎಂಬ ಪ್ರಶ್ನೆ ಬಂದಾಗ ಉಜ್ವಲಾ ಐದನ್ನೂ ಮುಂಬೈಯಲ್ಲೇ ಇಡೋಣ ಎಂದಳು. ರಾವಸಾಹೇಬರು ಅವಳ ಲ್ಯಾಪ್‌ಟಾಪಿನಲ್ಲಿ ಊರುಗಳ ಪಟ್ಟಿ ನೋಡುತ್ತ ಒಂದು ಹೆಸರಿನ ಮೇಲೆ ಬೆರಳಿಟ್ಟರು.

"ನಮ್ದು ಸಿಂಗಾಪುರದಾಗ ಇರಲಿ."

"ಮಾಮಾ, ಅದು ಭಾಳ ದೂರ ಆಗತೈತ್ರಿ."

"ದೂರ ಇರಲಿ. ಅಧ್ಯಕ್ಷರ ಮಷೀನು ಎಲ್ಲಾರ ಗುಂಪಿನ್ಯಾಗ ಕುಂತ್ರ ಚೊಲೊ ಕಾಣಂಗಿಲ್ಲ."

ಅಲ್ಲಿಂದ ಒಂದು ತಿಂಗಳು ಅವರು ಹೋದಲ್ಲೆಲ್ಲ, "ನಮ್ದೊಂದು ಸಿಂಗಾಪುರದಾಗ ಐತಿ" ಎಂದು ಹೇಳುತ್ತಿದ್ದರು. ಏನಿದೆ ಎಂದು ಯಾರಾದರೂ ಕೇಳಿದರೆ, "ಇರತೈತಿ ಒಂದು" ಎನ್ನುತ್ತಿದ್ದರು. ಮಗಳ ಮನೆ ಇರಬೇಕೆಂದು ಕೆಲವರು ತಿಳಿದುಕೊಂಡರು.

ಎಲ್ಲ ಸಿದ್ಧವಾದ ಮೇಲೆ ಒಂದು ರವಿವಾರ ಉಜ್ವಲಾ ಐವರು ಪ್ರತಿನಿಧಿಗಳನ್ನೂ ಮನೆಗೆ ಕರೆದಳು. ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿದಳು. ಪರದೆಯ ಮೇಲೆ ಐದು ತಾಲೂಕುಗಳ ಹೆಸರು ಹಸಿರು ಬಣ್ಣದಲ್ಲಿ ಮೂಡಿದವು. ಅವಳ ಅತ್ತೆ ರುಕ್ಮವ್ವ ಚುರುಮುರಿ ಕೊಟ್ಟರು. ರಾವಸಾಹೇಬರು ಕನ್ನಡಕ ಏರಿಸಿಕೊಂಡು ಪರದೆಯನ್ನು ಮೇಲಿಂದ ಓದತೊಡಗಿದರು.

"ಅಥಣಿ, ಫಾಲೋವರ್. ಚಿಕ್ಕೋಡಿ, ಫಾಲೋವರ್." ನಿಲ್ಲಿಸಿದರು. "ನಾ ಫಾಲೋವರಾ? ಯಾರ ಹಿಂದ?"

ನಿಪ್ಪಾಣಿಯ ಸಂಜಯ ಅವರಿಗಿಂತ ಮುಂದೆ ಓದಿ ಮುಗಿಸಿದ್ದ. "ರಾಯಬಾಗ ಲೀಡರ್! ಅರೇ ವ್ವಾ, ಲಯ್ ಭಾರಿ!" ಎಂದು ಕೂಗಿದ.

ಎಲ್ಲರೂ ಮೂಲೆಯಲ್ಲಿ ಕೂತಿದ್ದ ಸಕ್ಕುಬಾಯಿಯ ಕಡೆ ತಿರುಗಿದರು. ಸಕ್ಕುಬಾಯಿ ರಾಯಬಾಗ ತಾಲೂಕಿನ ಪ್ರತಿನಿಧಿ. ಹನ್ನೊಂದು ಎಮ್ಮೆಗಳ ಒಡತಿ, ಮಾತು ಕಡಿಮೆ. ಅವಳು ಚುರುಮುರಿ ಅಗಿಯುವುದನ್ನು ನಿಲ್ಲಿಸಲಿಲ್ಲ.

"ಯಾರ ಮಾಡಿದ್ರು ಲೀಡರ್?" ಎಂದು ರಾವಸಾಹೇಬರು ಕೇಳಿದರು.

"ಯಾರೂ ಮಾಡಿಲ್ರಿ ಮಾಮಾ. ಮಷೀನುಗೋಳು ತಮ್ಮ ತಮ್ಮಾಗ ಇಲೆಕ್ಷನ್ ಮಾಡಕೊಂಡಾವು. ಐದೂ ಒಮ್ಮೆಲೇ ಬರದ್ರ ಗದ್ದಲ ಆಗತೈತಿ. ಮೊದಲ ಇದು, ಆಮ್ಯಾಲ ಅದು ಅಂತ ಪಾಳಿ ಹಚ್ಚಾಕ ಒಂದು ಬೇಕು. ಅದಕ್ಕ ಲೀಡರ್ ಅಂತಾರ, ಅಷ್ಟ."

"ಯಾವಾಗ ಆತು ಇಲೆಕ್ಷನ್?"

ಉಜ್ವಲಾ ನೋಡಿ ಹೇಳಿದಳು. "ಮಂಗಳವಾರ ಮುಂಜಾನೆ ಹನ್ನೊಂದಕ್ಕ."

"ಮಂಗಳವಾರ ಹನ್ನೊಂದಕ್ಕ ನಾ ಎಮ್ಮಿ ಮೈ ತೊಳ್ಯಾಕತ್ತಿದ್ದೆ! ನನಗ ಯಾರೂ ಹೇಳಲಿಲ್ಲ. ಎಷ್ಟೊತ್ತು ನಡೀತು?"

"ಅರ್ಧ ಸೆಕೆಂಡು."

"ಪ್ರಚಾರಕ್ಕೂ ಟೈಮ್ ಕೊಟ್ಟಿಲ್ಲ" ಎಂದು ರಾವಸಾಹೇಬರು ಉಳಿದವರನ್ನು ಸಾಕ್ಷಿಗೆ ಕರೆಯುವಂತೆ ನೋಡಿದರು. ಆಮೇಲೆ ಅವರಿಗೆ ಒಂದು ವಿಚಾರ ಹೊಳೆಯಿತು. "ನನ್ನ ಮಷೀನು ಯಾರಿಗೆ ಓಟ್ ಹಾಕೈತಿ?"

ಉಜ್ವಲಾ ಉತ್ತರ ಹೇಳಬಾರದಿತ್ತು. ಆದರೆ ಅವಳು ನೇರ ಮನಸ್ಸಿನ ಹುಡುಗಿ. "ರಾಯಬಾಗಕ್ಕ" ಎಂದಳು.

ರಾವಸಾಹೇಬರು ಚುರುಮುರಿಯ ತಟ್ಟೆ ಕೆಳಗಿಟ್ಟರು. ತಮ್ಮ ಹೆಸರಿನ, ತಾವೇ ಸಿಂಗಾಪುರಕ್ಕೆ ಕಳಿಸಿದ ಮಷೀನು! ಹೊರಗೆ ಹೋಗುವಾಗ ಅವರು ಎರಡೂ ಕಾಲಿಗೆ ಬೇರೆ ಬೇರೆ ಚಪ್ಪಲಿ ಮೆಟ್ಟಿದ್ದರು. ಅದರಲ್ಲೊಂದು ವೃಷಭನದು, ಆದರೆ ಕೇಳುವ ಧೈರ್ಯ ಅವನಿಗಾಗಲಿಲ್ಲ.

ಸಕ್ಕುಬಾಯಿ ಎದ್ದು ಸೆರಗು ಸರಿಮಾಡಿಕೊಂಡಳು. "ಆರಿಸಿ ತಂದಾರಂದ ಮ್ಯಾಲ ಮಾಡೂಣ ಬಿಡು" ಎಂದಷ್ಟೇ ಹೇಳಿದಳು.

ಮೂರನೇ ದಿನ ರಾಯಬಾಗದಲ್ಲಿ ಬ್ಯಾನರ್ ಎದ್ದಿತು. ಹಾಕಿಸಿದವನು ಸಕ್ಕುಬಾಯಿಯ ಅಳಿಯ ಬೀರದೇವ. ಐದು ತಾಲೂಕುಗಳ ಲೀಡರ್ ಆಗಿ ಆಯ್ಕೆಯಾದ ಸಕ್ಕುಬಾಯಿಯವರಿಗೆ ಹಾರ್ದಿಕ ಅಭಿನಂದನೆಗಳು ಎಂದು ಅದರ ಮೇಲೆ ಬರೆದಿತ್ತು. ಸಕ್ಕುಬಾಯಿಯ ಫೋಟೋ ಅಂಗೈಯಷ್ಟಿತ್ತು. ಅವಳ ಎಮ್ಮೆಯ ಫೋಟೋ ಕೋಡಿನ ಸಮೇತ ಇಡೀ ಬ್ಯಾನರ್ ತುಂಬಿತ್ತು. ಯಾರೋ ಅದರ ಚಿತ್ರ ತೆಗೆದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದರು. ರಾವಸಾಹೇಬರು ಅಂದು ಮಧ್ಯಾಹ್ನ ಒಂದೇ ರೊಟ್ಟಿ ತಿಂದರು.

ಮರುದಿನ ಅವರು ಬೆಂಬಲ ಕೇಳಲು ಕೊಕಟನೂರಿಗೆ ಹೋದರು. ಅಣ್ಣಾಸಾಬ ಅವರನ್ನು ಹಾಸಿಗೆ ಹಾಸಿ ಕೂರಿಸಿ ಮಜ್ಜಿಗೆ ಕೊಟ್ಟ.

"ನನ್ನ ಓಟ ನಿಮಗ ಐತ್ರಿ ರಾವಸಾಹೇಬ್ರ, ಯಾವತ್ತಿದ್ರೂ. ಆದ್ರ ನನ್ನ ಮಷೀನು ನನ್ನ ಮಾತ ಕೇಳಂಗಿಲ್ಲ. ಅದರ ಮಾರಿ ಸೈತ ನಾ ನೋಡಿಲ್ಲ."

ಅಲ್ಲಿಂದ ಅವರು ಸೀದಾ ಉಜ್ವಲಾಳ ಮನೆಗೆ ಬಂದರು. ಬಾಗಿಲು ಮುಂದಕ್ಕೆ ಸರಿಸಿ, ದನಿ ತಗ್ಗಿಸಿ ಕೇಳಿದರು. "ಲೀಡರ್ ಯಾವಾಗ ಬದಲಾಗತೈತಿ?"

"ಲೀಡರ್ ಮಷೀನು ಉಳದಾವ್ಕ, ನಾ ಅದೀನಿ, ನಾ ಅದೀನಿ ಅಂತ ಹೇಳಕೋತ ಇರತೈತ್ರಿ. ಆ ದನಿ ನಿಂತ್ರ, ಉಳದಾವದರಾಗ ಒಂದು ಎದ್ದು ನನಗ ಓಟ್ ಹಾಕ್ರಿ ಅಂತೈತಿ."

"ಹಂಗಾದ್ರ ರಾಯಬಾಗದ್ದು ಎರಡ ನಿಮಿಷ ಬಂದ್ ಮಾಡು."

"ಇಲ್ರಿ ಮಾಮಾ. ಇವತ್ತ ನಿಮ್ಮ ಸಲವಾಗಿ ಅವರದು ಬಂದ್ ಮಾಡಿದ್ರ, ನಾಳೆ ಅವರ ಸಲವಾಗಿ ನಿಮ್ದು ಬಂದ್ ಮಾಡಬೇಕಾಗತೈತಿ."

"ಮತ್ತ ಅದರ ವಾಯರ್ ಎಲ್ಲೈತಿ?"

"ಮುಂಬೈದಾಗ."

ರಾವಸಾಹೇಬರು ಗಡಿಯಾರ ನೋಡಿದರು. "ಮಿರಜದಿಂದ ಮುಂಬೈಕ್ಕ ಗಾಡಿ ಎಷ್ಟಕ್ಕ ಐತಿ?"

ಮಾವ ನಿಜಕ್ಕೂ ಹೊರಟೇಬಿಡುತ್ತಾರೆ ಎಂದು ಉಜ್ವಲಾಳಿಗೆ ಹೆದರಿಕೆಯಾಯಿತು. ಆಗ ಅವಳು ಒಂದು ಸತ್ಯ ಹೇಳಿದಳು. ಬರುವ ರವಿವಾರ ಐದೂ ಮಷೀನುಗಳಿಗೆ ಹೊಸ ಸಾಫ್ಟ್‌ವೇರ್ ಹಾಕಬೇಕಿತ್ತು. ಒಂದೊಂದನ್ನೇ ನಿಲ್ಲಿಸಿ ಮತ್ತೆ ಎಬ್ಬಿಸಬೇಕಿತ್ತು. ರಾಯಬಾಗದ ಪಾಳಿ ಬಂದಾಗ ಲೀಡರ್ ತಾನಾಗಿ ಬದಲಾಗುತ್ತದೆ.

ರಾವಸಾಹೇಬರ ಮುಖ ಅರಳಿತು. ಸಂಜೆಯೊಳಗೆ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು. "ರವಿವಾರ ಮಧ್ಯಾಹ್ನ ೧೨ ಗಂಟೆಗೆ ಮರುಚುನಾವಣೆ. ಸರ್ವರೂ ಹಾಜರಿರಬೇಕು. ಅಧ್ಯಕ್ಷರು."

ರವಿವಾರ ಉಜ್ವಲಾಳ ಮನೆಯ ಮುಂದೆ ಚಪ್ಪಲಿಗಳು ರಸ್ತೆಯವರೆಗೆ ಬಂದಿದ್ದವು. ಪ್ರತಿನಿಧಿಗಳು ಐದು ಜನ, ಬಂದವರು ಮೂವತ್ತು. ವೃಷಭ ದ್ರಾಕ್ಷಿಯ ಪೆಟ್ಟಿಗೆ ತಂದಿದ್ದ. ಸಂಜಯ ಎಣಿಕೆ ನೋಡಲೆಂದು ಒಬ್ಬ ಏಜೆಂಟನನ್ನು ಕರೆದುಕೊಂಡು ಬಂದಿದ್ದ. ಆ ಏಜೆಂಟ ಪೆನ್ನು ಹಿಡಿದು ಟೀವಿಯ ಪಕ್ಕದಲ್ಲೇ ನಿಂತುಬಿಟ್ಟ. ರುಕ್ಮವ್ವ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿದರು. ಅದು ಎಂಟರ್ ಕೀಲಿಯ ಮೇಲೆ ಬಿದ್ದುದರಿಂದ ಉಜ್ವಲಾಳ ಬೆರಳು ಆ ದಿನವೆಲ್ಲ ಕೆಂಪಾಗಿತ್ತು.

ಲೀಡರ್ ಅಲ್ಲದವುಗಳನ್ನು ಮೊದಲು ಎಬ್ಬಿಸುವುದು ಪದ್ಧತಿ. ಅವಳು ನಿಪ್ಪಾಣಿ, ಅಥಣಿ, ಕಾಗವಾಡ, ಚಿಕ್ಕೋಡಿ ಎಂದು ಒಂದೊಂದನ್ನೇ ನಿಲ್ಲಿಸಿ ಎಬ್ಬಿಸಿದಳು. ಹೆಸರು ಕೆಂಪಾಗಿ ಮತ್ತೆ ಹಸಿರಾದಾಗಲೆಲ್ಲ ಆ ತಾಲೂಕಿನವರು ಉಸಿರು ಬಿಟ್ಟರು. ಕೊನೆಗೆ ರಾಯಬಾಗ. ಅದು ಕೆಂಪಾದದ್ದೇ ತಡ, ಕಣ್ಣು ಪಿಳುಕಿಸುವುದರೊಳಗೆ ಕಾಗವಾಡದ ಮುಂದೆ ಲೀಡರ್ ಎಂದು ಮೂಡಿತು.

ವೃಷಭ ದ್ರಾಕ್ಷಿಯ ಪೆಟ್ಟಿಗೆ ಒಡೆದು ಎಲ್ಲರಿಗೂ ಹಂಚಿದ. ಏಜೆಂಟ ಎಣಿಸಲು ಏನೂ ಸಿಗದೆ ದ್ರಾಕ್ಷಿ ಎಣಿಸಿದ.

"ಇನ್ನೊಮ್ಮೆ" ಎಂದರು ರಾವಸಾಹೇಬರು.

ಎರಡನೇ ಸುತ್ತು ಹೇಗೂ ಇತ್ತು, ಇನ್ನೊಂದು ಸಾಫ್ಟ್‌ವೇರ್ ಹಾಕುವುದು ಬಾಕಿ ಇತ್ತು. ಈ ಸಲ ಕಾಗವಾಡ ನಿಂತಾಗ ಅಥಣಿ ಲೀಡರಾಯಿತು. ಅಣ್ಣಾಸಾಬ ಗಾಬರಿಯಿಂದ ಎದ್ದು ರಾವಸಾಹೇಬರಿಗೆ ಕೈಮುಗಿದ. "ನಾ ನಿಂತಿದ್ದಿಲ್ರಿ. ದೇವರಾಣಿ ನಾ ನಿಂತಿದ್ದಿಲ್ಲ."

ರಾವಸಾಹೇಬರು ಉಜ್ವಲಾಳನ್ನು ನೋಡಿದರು. ಕೋಪ ಇಳಿದು ಅವರ ದನಿ ಮೆತ್ತಗಾಗಿತ್ತು. "ನಮ್ದ ಯಾಕ ಬರವಲ್ದವಾ?"

"ಮಾಮಾ, ಉಳದ ನಾಕು ಒಂದ ಊರಾಗ ಅದಾವು. ನಿಮ್ದು ಸಿಂಗಾಪುರದಾಗ ಐತಿ. ಇಲ್ಲೆ ಲೀಡರ್ ಸುಮ್ಮನಾಗಿದ್ದು ಅದಕ್ಕ ತಿಳದು, ಅದು ಓಟ್ ಕೇಳಿ ಕಳಸಿದ್ದು ಇಲ್ಲಿಗೆ ಬರೂದ್ರಾಗ, ಉಳದಾವು ಓಟ್ ಹಾಕಿ ಮುಗಿಸಿರ್ತಾವು."

ಸಕ್ಕುಬಾಯಿ ಅಂದು ಮೊದಲ ಸಲ ಬಾಯಿ ತೆರೆದಳು. "ಊರಾಗ ಇರದಾವ್ಗ ಯಾರ ಓಟ್ ಹಾಕ್ತಾರ್ರಿ?"

ಯಾರೋ ನಕ್ಕರು, ಕೆಮ್ಮಿನಂತೆ ಮಾಡಿ ಮುಚ್ಚಿಕೊಂಡರು. ರಾವಸಾಹೇಬರು ಹೆಬ್ಬೆಟ್ಟಿನಿಂದ ಮೀಸೆ ತಿಕ್ಕಿಕೊಂಡರು.

"ಕರಕೊಂಡ ಬಾ ಅದನ್ನ" ಎಂದರು.

ಅದು ಅಷ್ಟು ಸುಲಭವಾಗಿರಲಿಲ್ಲ. ಮುಂಬೈಯಲ್ಲಿ ಹೊಸ ಮಷೀನು ಹೂಡಬೇಕು, ವಹಿಯನ್ನೆಲ್ಲ ಅದಕ್ಕೆ ನಕಲು ಮಾಡಬೇಕು. ಅದಕ್ಕಿಂತ ಮುಖ್ಯವಾಗಿ, ಹಳೆಯದನ್ನು ಬಿಡಿಸಿ ಹೊಸದನ್ನು ಸೇರಿಸಿಕೊಳ್ಳಲು ಐವರಲ್ಲಿ ಮೂವರ ಒಪ್ಪಿಗೆ ಬೇಕು. ರಾವಸಾಹೇಬರದು ಒಂದು. ಇನ್ನೆರಡನ್ನು ಅವರು ಕೇಳಿ ಪಡೆಯಬೇಕು. ಹದಿನೆಂಟು ವರ್ಷದಲ್ಲಿ ಅವರು ಸಂಘದಲ್ಲಿ ಯಾರನ್ನೂ ಏನೂ ಕೇಳಿರಲಿಲ್ಲ, ಹೇಗೆ ಕೇಳುವುದೆಂದು ಅವರಿಗೆ ಗೊತ್ತಿರಲಿಲ್ಲ. ಎದ್ದು ನಿಂತರು, ಕೂತರು, ಮತ್ತೆ ಎದ್ದರು.

"ಏನಂದ್ರ," ಎಂದರು. "ನಮ್ಮ ಮಷೀನು. ಮನೀಗೆ ಬರ್ತೇನಿ ಅನ್ನಾಕತ್ತೈತಿ."

ಸಕ್ಕುಬಾಯಿ ಸೊಂಟದ ಸಂಚಿಯಿಂದ ಫೋನ್ ತೆಗೆದು ಒಪ್ಪಿಗೆಯ ಗುಂಡಿ ಒತ್ತಿದಳು. "ಮನೀಗೆ ಬರಾವರಿಗೆ ಬ್ಯಾಡ ಅನ್ನಾಕ ಆಗತೈತೇನ್ರಿ?"

ಅಣ್ಣಾಸಾಬನೂ ಒತ್ತಿದ. ಸಂಜಯ, ವೃಷಭ ಬೇಡದಿದ್ದರೂ ಒತ್ತಿದರು. ರಾವಸಾಹೇಬರು, "ಬರೋಬ್ಬರಿ, ಬರೋಬ್ಬರಿ" ಎನ್ನುತ್ತ ಪಕ್ಕದಲ್ಲಿದ್ದ ಏಜೆಂಟನ ಕೈ ಕುಲುಕಿದರು.

ಚಿಕ್ಕೋಡಿಯ ಮಷೀನು ಬುಧವಾರ ಮುಂಬೈಗೆ ಬಂತು. ಶುಕ್ರವಾರ ಯಾವುದೋ ಸಣ್ಣ ಕಾರಣಕ್ಕೆ ಅಥಣಿಯ ಮಷೀನು ಒಂದು ಗಳಿಗೆ ಸುಮ್ಮನಾಯಿತು, ಚಿಕ್ಕೋಡಿ ಲೀಡರಾಯಿತು. ರಾವಸಾಹೇಬರು ಪೇಡೆಯ ಡಬ್ಬಿ ಹಿಡಿದು ಉಜ್ವಲಾಳ ಮನೆಗೆ ಬಂದರು.

"ಇನ್ನ ಮ್ಯಾಲ ಮಷೀನಿನ ಸುದ್ದಿ ಎಲ್ಲಾ ನನ್ನ ಫೋನಿಗೆ ಬರಬೇಕು. ಲೀಡರ್ ಆದಾವ್ಗ ತಿಳೀದಿದ್ರ ಹೆಂಗ?"

"ಭಾಳ ಬರ್ತಾವ್ರಿ ಮಾಮಾ. ನಾ ಬರೇ ಜರೂರಿ ಇದ್ದವಷ್ಟ ಇಟಗೊಂಡೇನಿ."

"ನನಗ ಸಣ್ಣದು ದೊಡ್ಡದು ಎಲ್ಲಾ ಬೇಕು."

ಅವಳು ಹಾಗೆಯೇ ಮಾಡಿಕೊಟ್ಟಳು. ಎಮ್ಮೆ ಕೊಟ್ಟಿಗೆಯ ಗದ್ದಲದಲ್ಲೂ ಕೇಳಬೇಕೆಂದು ರಾವಸಾಹೇಬರು ಆ ಸಂದೇಶಗಳಿಗೆ ಆಂಬ್ಯುಲೆನ್ಸಿನ ಸದ್ದು ಇಟ್ಟುಕೊಂಡರು.

ಸೋಮವಾರ ಅಥಣಿಯಲ್ಲಿ ಒಂದು ಮದುವೆ. ರಾವಸಾಹೇಬರು ಮಂಗಲ ಕಾರ್ಯಾಲಯದ ಮುಂದಿನ ಸಾಲಿನಲ್ಲಿ ಕೂತಿದ್ದರು. ಅಕ್ಷತೆಗೆ ಇನ್ನೇನು ಕೈ ಎತ್ತಬೇಕು, ಆಂಬ್ಯುಲೆನ್ಸ್ ಕೂಗಿತು. ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಭಟ್ಟರು ಮಂತ್ರ ನಿಲ್ಲಿಸಿ ಯಾರಿಗೆ ಏನಾಯಿತೆಂದು ನೋಡಿದರು. ಏನೂ ಆಗಿರಲಿಲ್ಲ. ಒಂದು ನಿಮಿಷ ಬಿಟ್ಟು ಮತ್ತೆ ಕೂಗಿತು. ಮತ್ತೊಂದು ನಿಮಿಷಕ್ಕೆ ಮತ್ತೆ. ವರನ ಅಜ್ಜಿಯನ್ನು ಇಬ್ಬರು ಆಗಲೇ ಎತ್ತಿ ಹಿಡಿದಿದ್ದರು. ಆಕೆ, "ನನಗೇನೂ ಆಗಿಲ್ಲ, ಬಿಡ್ರಲೇ" ಎಂದು ಕೂಗುತ್ತಿದ್ದಳು.

ರಾವಸಾಹೇಬರು ಹೊರಗೆ ಓಡಿಬಂದು ಉಜ್ವಲಾಳಿಗೆ ಫೋನ್ ಹಚ್ಚಿದರು. "ಸಂದೇಶ ಬಂದೈತಿ!"

"ಏನಂತ್ರಿ?"

"ಎಲ್ಲಾ ಬರೋಬ್ಬರಿ ಐತಿ ಅಂತ. ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ್ರಿ."

"ಲೀಡರ್ ಆಗಿ ಏನೂ ಮಾಡದ ಹೆಂಗ ಕುಂಡ್ರಲಿ?"

ಊಟದ ಪಂಕ್ತಿಯಲ್ಲಿ ಅವರ ಎಡಬಲಕ್ಕೆ ಯಾರೂ ಕೂರಲಿಲ್ಲ. ಹೋಳಿಗೆ ಬಡಿಸುವವನು ದೂರದಿಂದಲೇ ಎಸೆದು ಹೋದ. ಒಂದು ಊಟಕ್ಕೆ ಇಪ್ಪತ್ಮೂರು ಸಂದೇಶ ಬಂದವು, ಇಪ್ಪತ್ಮೂರರಲ್ಲೂ ಎಲ್ಲ ಬರೋಬ್ಬರಿ ಇತ್ತು. ಸಂಜೆ ಅವರು ಉಜ್ವಲಾಳ ಮುಂದೆ ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟರು.

"ತಗದಬಿಡವಾ ಇದನ್ನ."

"ಲೀಡರ್?"

"ಯಾರರ ಆಗಲಿ. ನಾ ಅದೀನಿ, ನಾ ಅದೀನಿ ಅಂತ ಎಷ್ಟ ಸಲ ಹೇಳೂದು? ಅದ ಹೇಳ್ಲಿ, ಅದಕ್ಕ ದಣಿವಿಲ್ಲ."

ಆ ವಾರ ಲೀಡರ್ ಪಟ್ಟ ನಿಪ್ಪಾಣಿಗೆ ಬಂತು. ಸಂಜಯ ಬ್ಯಾನರ್ ಮಾಡಿಸಿ ಕಟ್ಟುವುದರೊಳಗೆ ಅದು ಕಾಗವಾಡಕ್ಕೆ ಹೋಗಿತ್ತು. ಬ್ಯಾನರ್ ಅಂಗಡಿಯವನು ತಾಲೂಕಿನ ಹೆಸರಿನ ಜಾಗ ಖಾಲಿ ಬಿಟ್ಟು ಇನ್ನೊಂದು ಮಾಡಿಕೊಟ್ಟ. ಯಾರೂ ಒಯ್ಯಲಿಲ್ಲ. ಈಗ ಅದು ವೃಷಭನ ಒಣದ್ರಾಕ್ಷಿ ಶೆಡ್ಡಿಗೆ ನೆರಳಾಗಿದೆ.

ಮುಂದಿನ ಅಮಾವಾಸ್ಯೆಯ ಮುಂಜಾನೆ ಸಕ್ಕುಬಾಯಿಯ ಎಮ್ಮೆ ಕರು ಹಾಕಿತು. ಅವಳು ಅದನ್ನು ವಹಿಗೆ ಬರೆಸಿದಳು. ಅವಳದೊಂದು, ಅಣ್ಣಾಸಾಬನದೊಂದು ಒಪ್ಪಿಗೆ ಬಿದ್ದಿತ್ತು. ಮೂರನೆಯದಕ್ಕಾಗಿ ರಾವಸಾಹೇಬರಿಗೆ ಸಂದೇಶ ಬಂತು. ಮನೆಯಲ್ಲಿ ಕೂತೇ ಗುಂಡಿ ಒತ್ತಬಹುದಿತ್ತು. ಅವರು ಬೈಕ್ ಹತ್ತಿ ರಾಯಬಾಗದ ಕಡೆ ಹೊರಟರು.

ಕರುವಿನ ಹಣೆ ನೋಡಿದರು, ಕಿವಿ ನೋಡಿದರು, ಬಾಲ ಎತ್ತಿ ನೋಡಿದರು. "ಚೊಲೊ ಐತಿ ಸಕ್ಕುಬಾಯಿ" ಎಂದರು. ಫೋನ್ ತೆಗೆದರೆ ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಅಂಗಳದ ನಾಲ್ಕು ಮೂಲೆ ತಿರುಗಿದರು. ಬೀರದೇವ ಮೇವಿನ ಬಣವೆಗೆ ನಿಚ್ಚಣಿಕೆ ಹಚ್ಚಿಕೊಟ್ಟ. ಅರವತ್ತೆರಡು ವರ್ಷದ ಅಧ್ಯಕ್ಷರು ಧೋತರ ಮೇಲಕ್ಕೆ ಕಟ್ಟಿ ಕಣಿಕೆಯ ಬಣವೆ ಹತ್ತಿ, ತುದಿಯಲ್ಲಿ ನಿಂತು, ಫೋನನ್ನು ಆಕಾಶಕ್ಕೆ ಹಿಡಿದರು.

"ಆತೇನ್ರಿ?" ಎಂದು ಕೆಳಗಿನಿಂದ ಸಕ್ಕುಬಾಯಿ ಕೇಳಿದಳು.

"ತಡೀ, ಗರಗರ ತಿರಗಾಕತ್ತೈತಿ." ಬಣವೆ ಒಂದು ಕಡೆ ಸ್ವಲ್ಪ ಜಾರಿತು. "ಆತು! ಮೂಡಿತು!"

ಅವರು ಇಳಿದು ಬಂದು ಮೈಮೇಲಿನ ಹೊಟ್ಟು ಝಾಡಿಸಿಕೊಂಡು ಕಟ್ಟೆಯ ಮೇಲೆ ಕೂತರು. ಸಕ್ಕುಬಾಯಿ ಬಿಸಿ ಗಿಣ್ಣದ ತಟ್ಟೆ ಮುಂದಿಟ್ಟಳು. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು. ರಾವಸಾಹೇಬರು ಅದನ್ನು ಹೇಳಲಿಲ್ಲ. ಎರಡನೇ ಸಲ ಹಾಕಿಸಿಕೊಂಡರು.